ಹನುಕ್ಕಾ ದೀಪ ಊದಿ ಆರಿಸುವುದಲ್ಲ!

ಅಮೆರಿಕದಲ್ಲಿ ಯಹೂದಿ ಸಮುದಾಯ ಕೇಂದ್ರಗಳು ನಡೆಸುವ ಪ್ರಿಸ್ಕೂಲುಗಳಿಗೆ ಬೇರೆ ಧರ್ಮದವರ ಮಕ್ಕಳೂ ಹೋಗುತ್ತಾರೆ, ಕನ್ನಡದ ಮನೆಗಳ ಮಕ್ಕಳೂ ಸೇರಿ. ಯಹೂದಿ ಸೊಸೆಯನ್ನೋ ಅಳಿಯನನ್ನೋ ಪಡೆದ ಕುಟುಂಬಗಳೂ ಉಂಟು. ಅಲ್ಲಿನ ಮೊಮ್ಮಗು ಫೋನಿನಲ್ಲಿ ‘ಹನುಕ್ಕಾ’ ಎಂದರೆ ಇಲ್ಲಿನ ಅಜ್ಜಿ ‘ಅದು ಅವರ ದೀಪಾವಳಿ’ ಎನ್ನುತ್ತಾರೆ, ನೆರೆಮನೆಯವರು ‘ಅವರ ಕ್ರಿಸ್‌ಮಸ್’ ಎನ್ನುತ್ತಾರೆ. ಎರಡೂ ಅಲ್ಲ.

ಕ್ರಿ.ಪೂ. 2ನೇ ಶತಮಾನದಲ್ಲಿ ದೊರೆ ನಾಲ್ಕನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ. ಮಕ್ಕಬಿಯರೆಂಬ ಯಹೂದಿ ಹೋರಾಟಗಾರರು ಅದನ್ನು ಗೆದ್ದು ಶುದ್ಧಿ ಮಾಡಿದರು. ಒಂದು ದಿನಕ್ಕಷ್ಟೇ ಸಾಲುವ ಎಣ್ಣೆ ಎಂಟು ದಿನ ಉರಿಯಿತು ಎಂಬುದು ನಂಬಿಕೆ. ದೊಡ್ಡವರಿಗೆ ಇದು ಗೊತ್ತಿದ್ದರೆ ಸಾಕು, ಎರಡು ಮೂರು ವರ್ಷದ ಮಗುವಿಗೆ ಯುದ್ಧ, ದೊರೆ ಯಾವುದೂ ಬೇಡ. ‘ಎಣ್ಣೆ ಚೂರೇ ಚೂರು ಇತ್ತು, ಆದರೂ ದೀಪ ಎಂಟು ರಾತ್ರಿ ಉರೀತು’. ಕಥೆ ಮುಗಿಯಿತು. ಹಬ್ಬ ಯಹೂದಿ ಪಂಚಾಂಗದ ಕಿಸ್ಲೇವ್ ಮಾಸದ 25ರಂದು ಶುರು. ನಮ್ಮ ಹಬ್ಬಗಳ ಹಾಗೆಯೇ ಇಂಗ್ಲಿಷ್ ತಾರೀಖು ವರ್ಷವರ್ಷ ಬದಲಾಗುತ್ತದೆ: 2025ರಲ್ಲಿ ಡಿಸೆಂಬರ್ 14ರ ಸಂಜೆ, 2026ರಲ್ಲಿ ಡಿಸೆಂಬರ್ 4ರ ಸಂಜೆ.

ಹನುಕ್ಕಿಯಾ ಎಂಬ ದೀಪಸ್ತಂಭಕ್ಕೆ ಒಂಬತ್ತು ಕವಲು. ಎಂಟು ರಾತ್ರಿಗಳಿಗೆ ಎಂಟು, ಉಳಿದದ್ದು ಅವನ್ನೆಲ್ಲ ಹಚ್ಚುವ ‘ಶಮಾಶ್’. ಮೇಣದಬತ್ತಿಗಳನ್ನು ದಿನಕ್ಕೊಂದು ಹೆಚ್ಚಿಸುತ್ತ ಬಲದಿಂದ ಎಡಕ್ಕೆ ಜೋಡಿಸಬೇಕು, ಹಚ್ಚುವಾಗ ಎಡದಿಂದ, ಅಂದರೆ ಆ ದಿನದ ಹೊಸ ಬತ್ತಿಯಿಂದ ಶುರು ಮಾಡಬೇಕು. ಬತ್ತಿಯ ಬಣ್ಣ ಆರಿಸುವುದು, ಸಿಕ್ಕಿಸುವುದು ಮಗುವಿನ ಕೆಲಸ. ಬೆಂಕಿ ದೊಡ್ಡವರದ್ದು. ‘ಇವತ್ತು ಎಷ್ಟನೇ ರಾತ್ರಿ?’ ಎಂದು ದಿನವೂ ಕೇಳಿ. ಎಂಟು ಮುಗಿಯುವಷ್ಟರಲ್ಲಿ ಎಣಿಕೆ ತಾನಾಗಿ ಬಂದಿರುತ್ತದೆ.

ಈಗ ಮುಖ್ಯ ವಿಷಯ. ಮೇಣದಬತ್ತಿ ಕಂಡೊಡನೆ ಮಗು ಕೆನ್ನೆ ಉಬ್ಬಿಸಿ ‘ಉಫ್’ ಎನ್ನುತ್ತದೆ. ತಪ್ಪು ಮಗುವಿನದಲ್ಲ. ಅದು ನೋಡಿದ ಮೇಣದಬತ್ತಿಯೆಲ್ಲ ಬರ್ತ್‌ಡೇ ಕೇಕಿನ ಮೇಲಿನದು, ಊದಿದಾಗ ಚಪ್ಪಾಳೆ ತಟ್ಟಿದವರು ನಾವೇ. ಆದರೆ ಹನುಕ್ಕಾ ದೀಪ ಕನಿಷ್ಠ ಅರ್ಧ ಗಂಟೆ ಉರಿಯಬೇಕು, ಸಾಮಾನ್ಯವಾಗಿ ತಾನೇ ಮುಗಿಯಲು ಬಿಡುತ್ತಾರೆ. ಆ ಬೆಳಕಿನಲ್ಲಿ ಓದುವುದು, ಕೆಲಸ ಮಾಡುವುದು ಕೂಡ ಇಲ್ಲ, ಸುಮ್ಮನೆ ನೋಡುವುದು. ದೇವರ ದೀಪವನ್ನು ಬಾಯಿಂದ ಊದಬಾರದೆಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಫೋಟೊಗೆಂದು ‘ಊದು ಪುಟ್ಟಾ’ ಎನ್ನುವವರು ನಮ್ಮವರಲ್ಲೇ ಇದ್ದಾರೆ!

ಹಿಂದಿನ ದಿನವೇ ಹಚ್ಚದ ಬತ್ತಿಗಳನ್ನಿಟ್ಟು ಅಭ್ಯಾಸ ಮಾಡಿಸಿ: ಸಿಕ್ಕಿಸು, ಕೈ ಕಟ್ಟು, ಕೂತು ನೋಡು. ಊದುವ ಆಸೆಗೆ ಸಂಜೆ ಮೊದಲೇ ಸೋಪಿನ ಗುಳ್ಳೆ ಕೊಡಿ. ಹಚ್ಚಿದ ಕೂಡಲೇ ಹಾಡು ಶುರು ಮಾಡಿ, ಹಾಡುವ ಬಾಯಿ ಊದುವುದಿಲ್ಲ. ಬರ್ತ್‌ಡೇ ಧಾಟಿ ಮಾತ್ರ ಬೇಡ. ಮಗು ದೀಪದಿಂದ ದೊಡ್ಡವರ ಒಂದು ತೋಳಿನಷ್ಟಾದರೂ ದೂರವಿರಲಿ, ನಡುವೆ ನೀವಿರಿ. ಅಷ್ಟಾಗಿಯೂ ಊದಿಬಿಟ್ಟರೆ ಗದರಬೇಡಿ, ಮತ್ತೆ ಹಚ್ಚಿ. ಹಚ್ಚುವ ಮುನ್ನ ಹೇಳಿದ ಪ್ರಾರ್ಥನೆಯನ್ನು ಪುನಃ ಹೇಳುವ ಅಗತ್ಯವಿಲ್ಲ. ದೀಪ ಉರಿಯುವಷ್ಟು ಹೊತ್ತೂ ಒಬ್ಬರು ಅಲ್ಲೇ ಇರಬೇಕು. ಕಿಟಕಿಯಲ್ಲಿಡುವ ರೂಢಿ ಇದೆ, ಪರದೆ ಸರಿಸಿ, ಕೆಳಗೆ ಸ್ಟೀಲ್ ತಟ್ಟೆ ಇಡಿ. ಹಬ್ಬವೆಂದು ಮಗುವಿಗೆ ಸಿಂಥೆಟಿಕ್ ಲಂಗ ತೊಡಿಸಬೇಡಿ.

ಶುಕ್ರವಾರ ಸೂರ್ಯ ಮುಳುಗುವ ಮೊದಲೇ, ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ದೀಪಕ್ಕಿಂತ ಮುಂಚೆ ಹಚ್ಚಬೇಕು. ಆ ದಿನಕ್ಕೆ ಉದ್ದನೆಯ ಬತ್ತಿ ಇಟ್ಟುಕೊಳ್ಳಿ.

ದೀಪದ ಮುಂದೆ ಡ್ರೈಡಲ್ ಎಂಬ ನಾಲ್ಕು ಮುಖದ ಬುಗುರಿ ತಿರುಗಿಸುತ್ತಾರೆ. ಆಟದ ನಿಯಮ ಈ ವಯಸ್ಸಿಗೆ ತಿಳಿಯದು, ತಿರುಗಿ ಬಿದ್ದರೇ ಸಂಭ್ರಮ. ಮರದ ದೊಡ್ಡ ಬುಗುರಿಯನ್ನೇ ಕೊಡಿ, ಚಿಕ್ಕದು ನೇರ ಬಾಯಿಗೆ ಹೋಗುತ್ತದೆ. ಜೊತೆಗೆ ಹಂಚುವ ಚಾಕೊಲೆಟ್ ನಾಣ್ಯದ ಹೊಳೆಯುವ ಹಾಳೆಯನ್ನು ನೀವೇ ಸುಲಿದು, ಮುರಿದು ಕೊಡಿ. ಎಣ್ಣೆಯ ನೆನಪಿಗೆ ಆಲೂಗಡ್ಡೆಯ ಲಾಟ್ಕೆ ಕರಿಯುತ್ತಾರೆ, ಬಾಣಲೆಯ ಹತ್ತಿರ ಮಗು ಬೇಡ. ಎಂಟು ರಾತ್ರಿಗೆ ಎಂಟು ಉಡುಗೊರೆ ಎಂಬುದು ಕ್ರಿಸ್‌ಮಸ್ ಭರಾಟೆಯಲ್ಲಿ ಬೆಳೆದ ಅಭ್ಯಾಸ. ನನ್ನನ್ನು ಕೇಳಿದರೆ ಕೈಬಿಡಬಹುದು.

ಉಳಿದ ಹಬ್ಬಗಳಿಗೆ ಇಲ್ಲಿ ಜಾಗ ಕಡಿಮೆ. ಪೂರಿಮ್‌ನಲ್ಲಿ ವೇಷ, ಗಿರಗಿಟ್ಟಲೆಯ ಗದ್ದಲ, ಹೆದರುವ ಮಗುವನ್ನು ಬಾಗಿಲ ಬಳಿ ಕೂರಿಸಿ. ಪಾಸ್ಓವರ್‌ನ ಮಾಟ್ಜಾ ರೊಟ್ಟಿ ಒಣ ಒಣ, ಚಿಕ್ಕ ಚೂರು ಮಾಡಿ ನೀರಿನ ಜೊತೆ ಕೊಡಿ. ಹೊಸ ವರ್ಷವಾದ ರೋಶ್ ಹಶಾನಾದಲ್ಲಿ ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಎಳೆಗೂಸಿಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲೂ ಇರುವುದರಿಂದ ಅಜ್ಜಿಯರಿಗೆ ಒಂದು ಮಾತು: ವರ್ಷ ತುಂಬದ ಮಗುವಿಗೆ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಜೇನಿನಿಂದ ಬರಬಹುದು, ಹನಿಯೂ ಕೊಡಬೇಡಿ.