ತೆಳು ಹಲಗೆಗೆ ಡ್ರಮ್ ಸ್ಯಾಂಡರ್: ಕೊನೆಯ ಕಾಲು ಮಿಲಿಮೀಟರ್ ಕೈಗೆ ಬಿಡಿ

ಗಿಟಾರಿನ ಮೇಲ್ಹಲಗೆಯ ದಪ್ಪ ಸಾಮಾನ್ಯವಾಗಿ 2.5ರಿಂದ 3 ಮಿ.ಮೀ., ಬಾಗಿಸಿ ಕೂರಿಸುವ ಪಕ್ಕದ ಹಲಗೆಯದು ಸುಮಾರು 2 ಮಿ.ಮೀ. ಯುಕುಲೇಲೆಯದು ಇನ್ನೂ ತೆಳು. ಇಂಥ ಹಲಗೆಯಲ್ಲಿ ಸಣ್ಣ ಅಳತೆಗೂ ದೊಡ್ಡ ಬೆಲೆಯಿದೆ. ಏಕೆಂದರೆ ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 3 ಮಿ.ಮೀ. ಹಲಗೆಯನ್ನು 2.7ಕ್ಕೆ ಇಳಿಸಿದರೆ ಹೋಗುವುದು ಹತ್ತರಲ್ಲಿ ಒಂದು ಪಾಲು ಮರ, ಆದರೆ ಬಿಗಿತದಲ್ಲಿ ಶೇ 27ರಷ್ಟು ಹೋಗಿರುತ್ತದೆ. 2.5ಕ್ಕೆ ಇಳಿಸಿದರೆ ನಷ್ಟ ಶೇ 42. ಡ್ರಮ್ ಸ್ಯಾಂಡರ್ ಬಳಸುವವರು ಮೊದಲು ಮನಗಾಣಬೇಕಾದದ್ದು ಇದನ್ನೇ. ಹಲಗೆಯನ್ನು ಎಲ್ಲೆಡೆ ಒಂದೇ ದಪ್ಪಕ್ಕೆ ತರುವುದು ಯಂತ್ರದ ಕೆಲಸ. ಎಷ್ಟು ತೆಳುವಾಗಿಸಿದರೆ ಸಾಕು ಎಂದು ಹೇಳುವ ಶಕ್ತಿ ಅದಕ್ಕಿಲ್ಲ, ಅದನ್ನು ಆಯಾ ಹಲಗೆಯೇ ಹೇಳಬೇಕು.

ದಪ್ಪ ಇಳಿಸಲು ಬ್ಲೇಡಿನ ಪ್ಲೇನರ್ ಇರುವಾಗ ಸ್ಯಾಂಡರ್ ಏಕೆ ಎಂದು ಕೇಳಬಹುದು. ಪ್ಲೇನರಿನ ಬ್ಲೇಡು ಮರವನ್ನು ಎತ್ತಿ ಕತ್ತರಿಸುತ್ತದೆ. ಹಲಗೆ ತೆಳುವಾದಷ್ಟೂ ಅದು ಆ ಏಟಿಗೆ ಅದುರಿ ಸೀಳುವ ಅಪಾಯ ಹೆಚ್ಚು. ಎಳೆಗಳು ಅಡ್ಡಾದಿಡ್ಡಿ ಓಡುವ ಬೀಟೆಯಂಥ ಮರದಲ್ಲಿ ಚಕ್ಕೆಯೇ ಏಳುತ್ತದೆ. ಸ್ಯಾಂಡರಿನಲ್ಲಿ ಸ್ಯಾಂಡ್‌ಪೇಪರ್ ಸುತ್ತಿದ ಉರುಳೆಯೊಂದು ತಿರುಗುತ್ತಿರುತ್ತದೆ, ಕೆಳಗಿನ ಬೆಲ್ಟು ಹಲಗೆಯನ್ನು ಅದರಡಿ ಸಾಗಿಸುತ್ತದೆ. ಮರ ಸೀಳದೆ ಪುಡಿಯಾಗಿ ಹೋಗುತ್ತದೆ. ಆದರೆ ತಿಕ್ಕಾಟ ಇದ್ದಲ್ಲಿ ಬಿಸಿಯೂ ಇರುತ್ತದೆ. ತೆಳು ಹಲಗೆ ಹಾಳಾಗುವುದು ಬಹುಮಟ್ಟಿಗೆ ಈ ಬಿಸಿಯಿಂದಲೇ, ಅಂದರೆ ಆತುರದಿಂದ.

ಹೆಜ್ಜೆ 1: ಯಂತ್ರದ ಪರೀಕ್ಷೆ

ಒಂದೇ ದಪ್ಪದ ಎರಡು ಮರದ ಪಟ್ಟಿಗಳನ್ನು ಉರುಳೆಯ ಎರಡು ತುದಿಗಳಡಿ ಒಟ್ಟಿಗೆ ಸಾಗಿಸಿ, ಹೊರಬಂದ ಮೇಲೆ ಕ್ಯಾಲಿಪರಿನಲ್ಲಿ ಅಳೆಯಿರಿ. ವ್ಯತ್ಯಾಸ 0.1 ಮಿ.ಮೀ.ಗಿಂತ ಹೆಚ್ಚಿದ್ದರೆ ಉರುಳೆ ಓರೆಯಾಗಿದೆ ಎಂದರ್ಥ, ಮೊದಲು ಅದನ್ನು ಸರಿಪಡಿಸಿ. ಒಂದು ಬದಿ ತೆರೆದಿರುವ ಯಂತ್ರಗಳಲ್ಲಿ ಅಗಲ ಹಲಗೆಯನ್ನು ತಿರುಗಿಸಿ ಎರಡು ಸಲ ಸಾಗಿಸಬಹುದು. ಆದರೆ ಉರುಳೆ ಓರೆಯಿದ್ದರೆ ನಡುವೆ ಮೆಟ್ಟಿಲಿನಂಥ ಗೆರೆ ಉಳಿಯುತ್ತದೆ. ದೊಡ್ಡ ಗಿಟಾರಿನ ಅಗಲ 40 ಸೆಂ.ಮೀ.ಗೆ ಹತ್ತಿರವಾದ್ದರಿಂದ, ಜೋಡಿಸಿ ಮಾಡುವ ಹಲಗೆಯ ಎರಡು ಅರ್ಧಗಳನ್ನು ಬಿಡಿಯಾಗಿ ಬಹುಪಾಲು ಇಳಿಸಿ, ಅಂಟಿಸಿದ ಮೇಲೆ ಒಂದೆರಡು ಹಗುರ ಸುತ್ತು ಕೊಡುವುದು ಸುರಕ್ಷಿತ.

ಹೆಜ್ಜೆ 2: ಆಸರೆ ಹಲಗೆ

ತೆಳು ಮರ ತನ್ನಷ್ಟಕ್ಕೆ ಬೆಲ್ಟಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. 18 ಮಿ.ಮೀ. ಎಂಡಿಎಫ್ ತುಂಡೊಂದನ್ನು ಅಡಿಗೆ ಕೊಡಿ. ಉರುಳೆ ಹಲಗೆಯನ್ನು ಹಿಂದಕ್ಕೆ, ಅಂದರೆ ನಿಮ್ಮತ್ತ ನೂಕುತ್ತದೆ. ಆದ್ದರಿಂದ ಆಸರೆಯ ಹಿಂತುದಿಗೆ ತಡೆಪಟ್ಟಿ ಅಂಟಿಸಬೇಕು, ಅದರ ಎತ್ತರ ನೀವು ಮುಟ್ಟಬೇಕಾದ ದಪ್ಪಕ್ಕಿಂತ ಕಡಿಮೆ ಇರಬೇಕು. ಎರಡೂ ಬದಿ ಅಂಟುವ ಟೇಪನ್ನು ಮಿತವಾಗಿ ಬಳಸಿ. ಕೀಳುವಾಗ ಸ್ಪ್ರೂಸ್‌ನಂಥ ಮೆದು ಮರ ಎಳೆಯುದ್ದಕ್ಕೂ ಸೀಳಬಹುದು. ಹಲಗೆ ಸಾಗುವಾಗ ಯಂತ್ರದ ನೇರಕ್ಕೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಹಲಗೆಯನ್ನು ಬೆಲ್ಟಿಗೆ ಒತ್ತಿ ಹಿಡಿಯುವ ರೋಲರುಗಳ ನಡುವಿನ ಅಂತರಕ್ಕಿಂತ ಗಿಡ್ಡನೆಯ ತುಂಡನ್ನು ಒಳಗೆ ಬಿಡಲೇಬೇಡಿ.

ಹೆಜ್ಜೆ 3: ಹಗುರ ಸುತ್ತುಗಳು

80 ನಂಬರ್ ಪೇಪರಿನಿಂದ ಆರಂಭಿಸಿ. ದಪ್ಪ ಹೆಚ್ಚಿರುವಾಗ ಒಂದು ಸುತ್ತಿನಲ್ಲಿ 0.2 ಮಿ.ಮೀ.ವರೆಗೆ ತೆಗೆಯಬಹುದು. ಗುರಿಗೆ 1 ಮಿ.ಮೀ. ಉಳಿದಾಗ ಅದನ್ನು 0.1ಕ್ಕೆ ಇಳಿಸಿ. ಪ್ರತಿ ಸುತ್ತಿನ ಬಳಿಕ ಹಲಗೆಯನ್ನು ಮಗುಚಿ. ಒಂದೇ ಮೈಯನ್ನು ಉಜ್ಜುತ್ತಾ ಹೋದರೆ ಅಲ್ಲಿನ ತೇವ ಆರಿ ಹಲಗೆ ದೊನ್ನೆಯಂತೆ ಬಾಗುತ್ತದೆ. ಅಳತೆ ಬದಲಿಸದೆಯೇ ಇನ್ನೊಮ್ಮೆ ಸಾಗಿಸಿ ನೋಡಿ, ಮತ್ತಷ್ಟು ಪುಡಿ ಬರುತ್ತದೆ. ಮೊದಲ ಸಲ ಮರವೂ ಯಂತ್ರವೂ ಒತ್ತಡಕ್ಕೆ ತುಸು ಮಣಿದಿರುವುದೇ ಇದಕ್ಕೆ ಕಾರಣ. ಒಂದೇ ಬಾರಿಗೆ ಹೆಚ್ಚು ತೆಗೆದರೆ ಸಮಯ ಉಳಿಯುತ್ತದಲ್ಲ ಎಂಬ ವಾದ ನಿಲ್ಲುವುದಿಲ್ಲ. ಬೀಟೆಯ ಎಣ್ಣೆಯಂಶ ಬಿಸಿಗೆ ಕರಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಕಡೆ ಪೇಪರ್ ಉಜ್ಜುವುದಿಲ್ಲ, ಸುಡುತ್ತದೆ. ಆ ಕಂದು ಗೆರೆ ತೆಗೆಯಲು ಉಳಿಸಿದ ಸಮಯವೂ ಮರವೂ ಹೋಗುತ್ತವೆ. ಆಗಾಗ ರಬ್ಬರ್ ಕಡ್ಡಿಯಿಂದ ಪೇಪರನ್ನು ಶುಚಿಗೊಳಿಸುತ್ತಿರಿ.

ಹೆಜ್ಜೆ 4: ಎಲ್ಲಿ ನಿಲ್ಲಿಸಬೇಕು?

ಗುರಿಗಿಂತ 0.25 ಮಿ.ಮೀ. ಮೊದಲೇ ಯಂತ್ರವನ್ನು ನಿಲ್ಲಿಸಿ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಗೀರು. ಪಿ80 ಪೇಪರಿನ ಹರಳು ಸರಾಸರಿ 0.2 ಮಿ.ಮೀ. ಗಾತ್ರದ್ದು, ಪಿ120ರದು 0.125. ಈ ಹರಳುಗಳು ಬಿಟ್ಟ ಗೀರನ್ನು ಸ್ಕ್ರೇಪರ್ ಮತ್ತು ನುಣುಪು ಪೇಪರಿನಿಂದ ತೆಗೆಯಲು ಮರ ಉಳಿದಿರಬೇಕು. ಎರಡನೆಯದು ಬಿಗಿತ. ಒಂದೇ ಮರದ ಎರಡು ಹಲಗೆಗಳೂ ಸಮಾನ ಬಿಗಿತದವಲ್ಲ. ಹಲಗೆಯನ್ನು ಎರಡು ಕೈಗಳಲ್ಲಿ ಹಿಡಿದು ಎಳೆಯುದ್ದಕ್ಕೆ ಮತ್ತು ಎಳೆಗೆ ಅಡ್ಡಲಾಗಿ ಬಾಗಿಸಿ ನೋಡಿ, ಬೆರಳಿನಿಂದ ತಟ್ಟಿ ಕೇಳಿ. ಇನ್ನೂ ಬಿರುಸಾಗಿದ್ದರೆ ತುಸು ಇಳಿಸಿ, ಸಾಕೆನಿಸಿದರೆ ಅಲ್ಲಿಗೇ ಬಿಡಿ. ಕಾರ್ಖಾನೆಗಳು ನಿಗದಿತ ಅಳತೆಗೇ ಇಳಿಸುತ್ತವಲ್ಲ ಎನ್ನುವವರಿದ್ದಾರೆ. ಸಾವಿರಾರು ಹಲಗೆ ಇಳಿಸುವವರು ತೀರ ಮೆದುವಾದ ಹಲಗೆಯೂ ತಂತಿಯ ಎಳೆತ ತಡೆಯುವಂತೆ ದಪ್ಪ ಗೊತ್ತುಮಾಡಬೇಕಾಗುತ್ತದೆ. ಒಂದೊಂದೇ ವಾದ್ಯ ಮಾಡುವವರಿಗೆ ಆ ಕಟ್ಟುಪಾಡಿಲ್ಲ. ಆ ಸ್ವಾತಂತ್ರ್ಯವನ್ನು ಯಂತ್ರದ ಅಂಕಿಗೆ ಒಪ್ಪಿಸುವುದು ಜಾಣತನವಲ್ಲ. ಹಾಗಿದ್ದರೆ ಇಡೀ ಕೆಲಸವನ್ನು ಉಜ್ಜುಗೊರಡಿನಲ್ಲೇ ಮಾಡಬಾರದೇಕೆ? ಮಾಡಬಹುದು, ಶ್ರೇಷ್ಠ ಗಿಟಾರುಗಳು ಹಾಗೆಯೇ ಹುಟ್ಟಿವೆ. ಯಂತ್ರ ಉಳಿಸುವುದು ರಟ್ಟೆಯ ಶ್ರಮವನ್ನು ಮಾತ್ರ, ಅದೂ ಚಪ್ಪಟೆ ಹಲಗೆಯಲ್ಲಷ್ಟೇ. ಪಿಟೀಲಿನ ಉಬ್ಬು ಹಲಗೆಗಾಗಲಿ, ಹಲಸಿನ ದಿಮ್ಮಿಯಿಂದ ಕೊರೆದು ತೆಗೆಯುವ ವೀಣೆಯ ಕೊಡಕ್ಕಾಗಲಿ ಈ ಯಂತ್ರದಿಂದ ಪ್ರಯೋಜನವಿಲ್ಲ.

ದೂಳು ಮತ್ತು ಮರದ ಬೆಲೆ

ಮರದ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಟೆಯ ದೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ. ದೂಳು ಹೀರುವ ಯಂತ್ರವನ್ನು ಸ್ಯಾಂಡರಿಗೆ ಜೋಡಿಸದೆ ಕೆಲಸಕ್ಕೆ ಇಳಿಯಬೇಡಿ. ಒಳ್ಳೆಯ ಮಾಸ್ಕ್ ಕೂಡ ಇರಲಿ.

ಪಶ್ಚಿಮ ಘಟ್ಟದ ಬೀಟೆ ಇಂದು ಜಗತ್ತಿನಾದ್ಯಂತ ಗಿಟಾರಿನ ಹಿಂಬದಿ ಮತ್ತು ಪಕ್ಕದ ಹಲಗೆಗಳಿಗೆ ಬಳಕೆಯಲ್ಲಿದೆ. ಬ್ರೆಜಿಲ್‌ನ ರೋಸ್‌ವುಡ್ 1992ರಲ್ಲೇ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಠಿಣ ಪಟ್ಟಿಗೆ ಸೇರಿತು. 2017ರಿಂದ ಬೀಟೆಯೂ ಸೇರಿದಂತೆ ರೋಸ್‌ವುಡ್ ಕುಲದ ಮರಗಳೆಲ್ಲ ಅದೇ ಒಪ್ಪಂದದ ನಿಯಂತ್ರಣದಲ್ಲಿವೆ. ಇಷ್ಟು ವಿರಳವಾದ ಮರದಲ್ಲಿ ಅತಿಯಾಗಿ ಉಜ್ಜಿ ಕಳೆದದ್ದನ್ನು ಮರಳಿ ತುಂಬುವ ದಾರಿಯಿಲ್ಲ. ಆದ್ದರಿಂದ ಯಂತ್ರದಲ್ಲಿ ನಿಧಾನವಾಗಿ ಇಳಿಸಿ, ಬೇಗ ನಿಲ್ಲಿಸಿ, ಉಳಿದ ಕಾಲು ಮಿಲಿಮೀಟರನ್ನು ಕೈಯಿಂದಲೇ ಮುಗಿಸಿ.