ಬಾಡಿಗೆ ವಿಮಾನದ ಲೆಕ್ಕ

ಖಾಸಗಿ ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ದೇಶದ ಗಡಿಯನ್ನು ದಾಟುವುದು ಉದ್ಯಮಪತಿಗಳಿಗೂ ಚಲನಚಿತ್ರದ ನಾಯಕರಿಗೂ ಮೀಸಲಾದ ವೈಭವವೆಂದು ತಿಳಿದಿರುವವರು, ಯಾದಗಿರಿ ತಾಲ್ಲೂಕಿನ ರಾಮಸಮುದ್ರದಲ್ಲಿ ಒಂಬತ್ತನೆಯ ತರಗತಿಗೆ ಶಾಲೆಯನ್ನು ಬಿಟ್ಟು ಗಾರೆಯ ಕೆಲಸಕ್ಕೆಂದು ಮಸ್ಕತ್ತಿಗೆ ಹೋದ ನನ್ನ ಅಕ್ಕನ ಮಗನು ಅಂತಹುದೇ ಒಂದು ವಿಮಾನದಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಬಂದನೆಂದರೆ ಸುಲಭವಾಗಿ ನಂಬಲಾರರು. ಬಂದದ್ದು ನಿಜ, ಮಲಗಿಕೊಂಡು ಬಂದನು. ಬೆನ್ನುಮೂಳೆಗೆ ಪೆಟ್ಟಾಗಿತ್ತು, ಮೂಗಿನಲ್ಲಿ ಆಮ್ಲಜನಕದ ನಳಿಕೆಯಿತ್ತು, ಪಕ್ಕದಲ್ಲಿ ವೈದ್ಯನೊಬ್ಬನೂ ದಾದಿಯೊಬ್ಬಳೂ ಕುಳಿತಿದ್ದರು. ವಿಮಾನದ ಕಿಟಕಿಯು ಯಾವ ಕಡೆಗಿತ್ತೆಂಬುದನ್ನು ಕೂಡ ಅವನು ಇಂದಿಗೂ ಹೇಳಲಾರನು. ಈ ವೈಭವಕ್ಕೆ ತಗುಲಿದ ವೆಚ್ಚವು 19,20,000 ರೂಪಾಯಿ. ಹಣವನ್ನು ಹೊಂದಿಸುವ ಕಾಗದಗಳಿಗೆ ಜಾಮೀನಾಗಿ ರುಜು ಹಾಕಿದವನು ನಾನೇ ಆದುದರಿಂದ, ಈ ಲೆಕ್ಕವನ್ನು ಅಂಕಣದಲ್ಲಿ ಬಿಚ್ಚಿಡುವ ಅಧಿಕಾರವು ನನಗೆ ಉಂಟೆಂದು ಭಾವಿಸಿದ್ದೇನೆ.

ಕಟ್ಟಡದ ಅಟ್ಟಣಿಗೆಯಿಂದ ಬಿದ್ದ ಹುಡುಗನಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಪ್ರಾಣಾಪಾಯವು ಕಳೆದು, ಮುಂದಿನ ಚಿಕಿತ್ಸೆಯನ್ನು ಸ್ವದೇಶದಲ್ಲಿ ಮುಂದುವರಿಸಬಹುದೆಂದು ವೈದ್ಯರು ಬರೆದುಕೊಟ್ಟ ಮೇಲೆ, ನಮ್ಮೆದುರು ಎರಡು ದಾರಿಗಳು ತೆರೆದವು. ಮೊದಲನೆಯದು, ನಿತ್ಯವೂ ಹಾರುವ ಸಾಮಾನ್ಯ ವಿಮಾನದಲ್ಲಿ ಹಿಂದಿನ ಮೂರು ಸಾಲುಗಳ ಒಂಬತ್ತು ಆಸನಗಳನ್ನು ಮಡಿಸಿ, ಅವುಗಳ ಮೇಲೆ ಸ್ಟ್ರೆಚರ್ ಜೋಡಿಸಿ, ಸುತ್ತಲೂ ಪರದೆ ಕಟ್ಟಿ, ವೈದ್ಯನೊಡನೆ ಕರೆತರುವುದು. ಇದಕ್ಕೆ ವಿಮಾನ ಕಂಪನಿಯ ವೈದ್ಯಕೀಯ ಪತ್ರವನ್ನು ತುಂಬಿ ಒಪ್ಪಿಗೆ ಪಡೆಯಬೇಕು, ಮತ್ತು ನಮಗೆ ಸ್ಥಳವು ದೊರೆಯುತ್ತಿದ್ದುದು ಆರನೆಯ ದಿನಕ್ಕೆ. ಎರಡನೆಯದು, ಮಧ್ಯವರ್ತಿಯೊಬ್ಬನು ದೂರವಾಣಿಯಲ್ಲಿ ಅತ್ಯಂತ ಮೃದುವಾದ ಧ್ವನಿಯಿಂದ ಸೂಚಿಸಿದ ಏರ್ ಆಂಬುಲೆನ್ಸ್. ಅದು ಮೂರನೆಯ ದಿನಕ್ಕೇ ಸಿದ್ಧ. ನಾನು ಕಾಗದ ಪೆನ್ಸಿಲುಗಳನ್ನು ಕೈಗೆತ್ತಿಕೊಂಡೊಡನೆಯೇ ಕಿರಿಯ ಅಳಿಯನು, “ಮಾಮಾ, ಈಗ ಲೆಕ್ಕ ಮಾಡ್ಕೋತ ಕುಂದ್ರಬ್ಯಾಡ್ರಿ,” ಎಂದನು. ಅಕ್ಕನು, “ತಮ್ಮಾ, ಹೊಲ ಹೋದ್ರ ಹೋಗ್ಲಿ, ನನ್ನ ಮಗ ಲಗೂನ ಬರ್ಲಿ,” ಎಂದಳು. ಹೊಲವು ಅವಳದು, ಮಗನೂ ಅವಳವನು. ಅಲ್ಲಿಗೆ ಚರ್ಚೆಯು ಮುಗಿಯಿತು. ಆ ನಿರ್ಧಾರವನ್ನು ನಾನು ಇಂದು ಹಳಿಯುತ್ತಿಲ್ಲ. ಆದರೆ ಅದರ ಬೆಲೆಯ ಕುರಿತು ಅಂದು ಹಾಕದಿದ್ದ ಲೆಕ್ಕವನ್ನು ಈಗಲಾದರೂ ಹಾಕದಿರುವುದು ನನಗೆ ಶೋಭಿಸದು.

ಮಸ್ಕತ್ತಿಗೂ ಹೈದರಾಬಾದಿಗೂ ನಡುವಣ ಅಂತರವು ಸುಮಾರು 2,200 ಕಿಲೋಮೀಟರು. ಸಣ್ಣ ಜೆಟ್ ವಿಮಾನವು ಹೋಗಲು ಮೂರೂವರೆ ಗಂಟೆ, ಬರಲು ಮೂರೂವರೆ ಗಂಟೆ ಎಂದು ಏಳು ಗಂಟೆಗಳನ್ನು ಹಿಡಿದು, ಗಂಟೆಗೆ 2,10,000ದಂತೆ ಹಾರಾಟಕ್ಕೇ 14,70,000 ಆಯಿತು. ಮಸ್ಕತ್ತಿನಲ್ಲಿ ಇಳಿಯುವ, ನಿಲ್ಲುವ, ನೆಲದ ಸೇವೆಯ ಶುಲ್ಕಗಳು 1,60,000. ವೈದ್ಯ, ದಾದಿ ಮತ್ತು ಉಪಕರಣಗಳಿಗೆ 1,90,000. ಚಾಲಕರ ವಾಸ್ತವ್ಯಕ್ಕೆ 60,000. ಎರಡೂ ತುದಿಯ ಆಂಬುಲೆನ್ಸಿಗೆ 40,000. ಇದರಲ್ಲಿ ರೋಗಿಯು ವಿಮಾನದೊಳಗಿದ್ದುದು ಅರ್ಧ ಕಾಲ ಮಾತ್ರ. ಹತ್ತಿಯನ್ನು ಗಂಜ್ ಮಾರುಕಟ್ಟೆಗೆ ಒಯ್ದ ಲಾರಿಯವನು ಮರಳುವ ಬಾಡಿಗೆಯನ್ನೂ ನಮ್ಮಿಂದಲೇ ವಸೂಲು ಮಾಡುವಂತೆ, ಬರಿದಾಗಿ ಹೋದ ವಿಮಾನದ 7,35,000ವನ್ನೂ ನಾವೇ ತೆತ್ತೆವು. ಸಾಮಾನ್ಯ ವಿಮಾನದ ದಾರಿಯಲ್ಲಾದರೋ, ಒಂಬತ್ತು ಆಸನಗಳಿಗೆ 22,000ದಂತೆ 1,98,000, ವೈದ್ಯನ ಹೋಗಿಬರುವ ಟಿಕೆಟ್ಟು ಮತ್ತು ಸಂಭಾವನೆ 1,40,000, ಆಮ್ಲಜನಕ ಹಾಗೂ ಆಂಬುಲೆನ್ಸಿಗೆ 72,000, ಒಟ್ಟು 4,10,000ದಲ್ಲಿ ಕಾರ್ಯವು ಸಾಗುತ್ತಿತ್ತು. ಎರಡರ ಅಂತರವು 15,10,000; ಹತ್ತು ಸಾವಿರವನ್ನು ಕೈಬಿಟ್ಟು ಹದಿನೈದು ಲಕ್ಷವೆನ್ನೋಣ.

ಹದಿನೈದು ಲಕ್ಷಕ್ಕೆ ನಾವು ಕೊಂಡುದೇನು? ಮೂರು ದಿನಗಳನ್ನು, ಎಂದರೆ 72 ಗಂಟೆಗಳನ್ನು, ಗಂಟೆಯೊಂದಕ್ಕೆ 20,833 ರೂಪಾಯಿಗಳಂತೆ. ಆ ಮೂರು ದಿನಗಳಲ್ಲಿ ರೋಗಿಯ ಸ್ಥಿತಿಯು ಕೆಡುವಂತಿದ್ದರೆ ಈ ಬೆಲೆಯು ಅಗ್ಗವೇ ಸರಿ. ಅವನು ಆಸ್ಪತ್ರೆಯಲ್ಲಿ ಸ್ಥಿರವಾಗಿ ಮಲಗಿರುವವನಾದರೆ ಅದು ನಮ್ಮ ತಳಮಳದ ಬೆಲೆ. ಯಾವುದೆಂಬುದನ್ನು ತಿಳಿಯಬಲ್ಲವನು ಅಲ್ಲಿಯ ವೈದ್ಯನೊಬ್ಬನೇ. ಮಧ್ಯವರ್ತಿಯು ಖಂಡಿತವಾಗಿಯೂ ಅಲ್ಲ. ಇನ್ನು ಈ ಹಣಕ್ಕಾಗಿ ಎತ್ತಿದ ಸಾಲದ ಕಡೆಗೆ ಬನ್ನಿ. ಅಡತಿ ಅಂಗಡಿಯ ಬಡ್ಡಿಯು ನಮ್ಮಲ್ಲಿ ತಿಂಗಳಿಗೆ ನೂರಕ್ಕೆ ಎರಡು. ಹದಿನೈದು ಲಕ್ಷಕ್ಕೆ ತಿಂಗಳಿಗೆ 30,000. ತೊಗರಿಗೆ 2024-25ರ ಬೆಂಬಲ ಬೆಲೆಯು ಕ್ವಿಂಟಾಲಿಗೆ 7,550 ರೂಪಾಯಿ. ಆ ದರವು ಗಂಜಿನಲ್ಲಿ ನಿಜವಾಗಿ ದೊರೆತೀತೆಂದು ಉದಾರವಾಗಿ ನಂಬಿದರೂ, ತಿಂಗಳ ಬಡ್ಡಿಗೆ ನಾಲ್ಕು ಕ್ವಿಂಟಾಲು, ವರ್ಷದ ಬಡ್ಡಿಗೆ ನಲವತ್ತೆಂಟು ಕ್ವಿಂಟಾಲು ತೊಗರಿ ಬೇಕು. ಎಕರೆಗೆ ನಾಲ್ಕು ಕ್ವಿಂಟಾಲು ಬೆಳೆದರೆ ಹನ್ನೆರಡು ಎಕರೆಯ ಬೆಳೆಯು ಬೀಜ, ಗೊಬ್ಬರ, ಕೂಲಿಗಳ ಮಾತಿಲ್ಲದೆ ಬಡ್ಡಿಗೇ ಸಮರ್ಪಿತವಾಗಬೇಕು. ಅಕ್ಕನಿಗಿರುವುದು ಹತ್ತು ಎಕರೆ. ಅಸಲಿನ ಮಾತನ್ನು ನಾನಿನ್ನೂ ಎತ್ತಿಯೇ ಇಲ್ಲ.

ವಿಮಾನವು ಹೇಗೂ ನಮ್ಮದೇ ಬಾಡಿಗೆಯದಾದುದರಿಂದ ನೇರವಾಗಿ ಕಲಬುರಗಿಗೇ ಇಳಿಸಿದರೆ ಮನೆಗೆ ಹತ್ತಿರವಾದೀತೆಂದು ಮನೆಯವರೆಲ್ಲರೂ ಆಶಿಸಿದ್ದರು. 2019ರ ನವೆಂಬರಿನಲ್ಲಿ ಅಲ್ಲಿ ವಿಮಾನ ನಿಲ್ದಾಣವಾಯಿತಷ್ಟೆ, ಓಡುದಾರಿಯೂ ಮೂರು ಕಿಲೋಮೀಟರಿಗೆ ಮಿಕ್ಕಿದ್ದಿತು. ಆದರೆ ಬಾಡಿಗೆಯು ನಮ್ಮದಾದ ಮಾತ್ರಕ್ಕೆ ಆಕಾಶವು ನಮ್ಮದಾಗುವುದಿಲ್ಲ. 1944ರ ಷಿಕಾಗೋ ಒಪ್ಪಂದದ ಹತ್ತನೆಯ ವಿಧಿಯಂತೆ, ಪರದೇಶದಿಂದ ಒಳಬರುವ ವಿಮಾನವನ್ನು ಸುಂಕ ಮತ್ತು ಇತರ ತಪಾಸಣೆಗಾಗಿ ಗೊತ್ತುಪಡಿಸಿದ ನಿಲ್ದಾಣದಲ್ಲಿಯೇ ಇಳಿಯಬೇಕೆಂದು ವಿಧಿಸುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಅರಸನಿರಲಿ, ಆಳಿರಲಿ, ಸ್ಟ್ರೆಚರಿನ ಮೇಲಿರುವವನಿರಲಿ, ಪಾಸ್‌ಪೋರ್ಟಿಗೆ ಮುದ್ರೆ ಬೀಳದೆ ಒಳಗೆ ಬರುವಂತಿಲ್ಲ. ನಮ್ಮ ಪಾಲಿಗೆ ಆ ನಿಲ್ದಾಣವು ಹೈದರಾಬಾದಿನ ಶಂಷಾಬಾದ್. ಅಲ್ಲಿಂದ ಮತ್ತೆ ಕಲಬುರಗಿಗೆ ಹಾರಿಸಬಹುದಾಗಿತ್ತು, ಅದಕ್ಕೆ ಬೇರೆ ಹಣ. ಅದಲ್ಲದೆ ಬೆನ್ನುಮೂಳೆಯ ತಜ್ಞರಿದ್ದದ್ದೂ ಹೈದರಾಬಾದಿನಲ್ಲಿಯೇ.

ಮುದ್ರೆಯ ಗೊಡವೆಗೇ ಹೋಗದೆ ಗಡಿಯನ್ನು ದಾಟಿದ ಖಾಸಗಿ ವಿಮಾನಗಳ ಕಥೆಯೊಂದು ನಮ್ಮ ಸೀಮೆಗೆ ಸೇರಿದ್ದುಂಟು. ಈ ಪ್ರಾಂತವು ಗುಲಬರ್ಗಾ ಜಿಲ್ಲೆಯೊಳಗಾಗಿ ನಿಜಾಮರ ಸಂಸ್ಥಾನದಲ್ಲಿದ್ದ 1948ರಲ್ಲಿ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಶಸ್ತ್ರಾಸ್ತ್ರಗಳನ್ನು ತುಂಬಿಕೊಂಡು, ಭಾರತದ ಆಕಾಶವನ್ನು ಕದ್ದು ದಾಟಿ, ಕರಾಚಿಯಿಂದ ಬೀದರಕ್ಕೂ ವಾರಂಗಲ್ಲಿಗೂ ಇರುಳಿನಲ್ಲಿ ಬಂದಿಳಿಯುತ್ತಿದ್ದನು. ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು ಸಂಸ್ಥಾನದ ಮೇಲೆ ನಡೆಸಿದ ಪೊಲೀಸ್ ಕಾರ್ಯಾಚರಣೆಯೊಡನೆ ಆ ವ್ಯಾಪಾರವು ಮುಗಿಯಿತು. ಬಳಿಕ ಇಂಗ್ಲೆಂಡಿನಲ್ಲಿ ಅವನಿಗೆ ವಿಧಿಸಿದ ದಂಡವು 200 ಪೌಂಡು, ಅಂದಿನ ವಿನಿಮಯದಲ್ಲಿ ಸುಮಾರು 2,667 ರೂಪಾಯಿ. ಆ ಕಾಲದ ರೂಪಾಯಿಯ ಶಕ್ತಿಯೇ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೂ ಕಾನೂನನ್ನು ಮುರಿದವನ ದಂಡವನ್ನೂ, ಪ್ರತಿಯೊಂದು ಅನುಮತಿಯನ್ನೂ ಬೇಡಿ ಪಡೆದ ನಮಗೆ ಮಸ್ಕತ್ತಿನ ನೆಲದ ಮೇಲೆಯೇ ತಗುಲಿದ 1,60,000ವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ನನಗೆ ನಗು ಬಂದದ್ದುಂಟು.

ಇನ್ನು ವಿಮೆಯ ವಿಷಯ. ಇದನ್ನು ಶಾಂತಚಿತ್ತದಿಂದ ಬರೆಯಲು ನನ್ನಿಂದಾಗದು. ಹುಡುಗನಿಗೆ ಎರಡು ವಿಮೆಗಳಿದ್ದವು. ಒಂದು, ಗೊತ್ತುಪಡಿಸಿದ ದೇಶಗಳಿಗೆ ದುಡಿಯಹೋಗುವ, ವಲಸೆ ತಪಾಸಣೆ ಅಗತ್ಯವಿರುವ ಇಸಿಆರ್ ಪಾಸ್‌ಪೋರ್ಟಿನವರೆಲ್ಲರೂ ಕಡ್ಡಾಯವಾಗಿ ಮಾಡಿಸಬೇಕಾದ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಿಂದ ಮರಣವೋ ಶಾಶ್ವತ ಅಂಗವೈಕಲ್ಯವೋ ಒದಗಿದರೆ ಹತ್ತು ಲಕ್ಷ, ಆಸ್ಪತ್ರೆಗೆ ಒಂದು ಲಕ್ಷದವರೆಗೆ, ಕೆಲಸಕ್ಕೆ ಅಯೋಗ್ಯನಾಗಿ ಮರಳುವವನಿಗೆ ಸಾಮಾನ್ಯ ದರ್ಜೆಯ ಒಂದು ಟಿಕೆಟ್ಟು. ಕೊಡುವ ಕಂತಿಗೆ ಇದು ನ್ಯಾಯವಾದ ಸರಕು. ಕುಳಿತುಕೊಳ್ಳಲಾರದವನಿಗೆ ಒಂದು ಆಸನದಿಂದ ಪ್ರಯೋಜನವಿಲ್ಲವೆಂಬುದಷ್ಟೇ ಅದರ ಕೊರತೆ. ನನ್ನ ಕೋಪವೆಲ್ಲ ಎರಡನೆಯದರ ಮೇಲೆ. ವರ್ಷಕ್ಕೆ ಆರು ಸಾವಿರದ ಮೇಲೆ ತೆಗೆದುಕೊಂಡು, ಹೊದಿಕೆಯ ಮೇಲೆ ಬಿಳಿಯ ವಿಮಾನವೊಂದರ ಚಿತ್ರವನ್ನೇ ಮುದ್ರಿಸಿ ಮಾರಿದ ಖಾಸಗಿ ಪಾಲಿಸಿ ಅದು. ವಿಮಾನದ ಖರ್ಚನ್ನು ಕೇಳಹೋದಾಗ, ಪಾಲಿಸಿಯಲ್ಲಿ ವೈದ್ಯಕೀಯ ತೆರವು ಎಂದರೆ ಸಮೀಪದ ಸಮರ್ಥ ಆಸ್ಪತ್ರೆಗೆ ಸಾಗಿಸುವುದೇ ಹೊರತು ಸ್ವಗ್ರಾಮದ ಸಮೀಪಕ್ಕೆ ಸಾಗಿಸುವುದಲ್ಲವೆಂದೂ, ಮಸ್ಕತ್ತಿನ ಆಸ್ಪತ್ರೆಯು ಸಮರ್ಥವೇ ಆಗಿದ್ದುದರಿಂದ ಒಂದು ಪೈಸೆಯೂ ಸಲ್ಲದೆಂದೂ ಉತ್ತರ ಬಂದಿತು. ಸಮರ್ಥ ಆಸ್ಪತ್ರೆಯಿರುವ ನಗರಕ್ಕೆ ದುಡಿಯಹೋಗುವವನಿಗೆ ಆ ವಿಮಾನವು ಯಾವ ಕಾಲಕ್ಕೂ ಬರಲಾರದೆಂಬುದು ಮಾರುವಾಗಲೇ ಗೊತ್ತಿದ್ದ ಮೇಲೆ ಆ ಚಿತ್ರವನ್ನೇಕೆ ಮುದ್ರಿಸಬೇಕು? ವಾರ್ಷಿಕ ಚಂದಾ ಕೊಟ್ಟರೆ ಎಲ್ಲಿಂದಾದರೂ ಹೊತ್ತು ತರುತ್ತೇವೆನ್ನುವ ಸದಸ್ಯತ್ವದ ಕಾರ್ಡುಗಳೂ ಈಗ ಬಂದಿವೆ. ಅವುಗಳ ಷರತ್ತುಗಳ ಹಾಳೆಯನ್ನು ತರಿಸಿ ಓದಿದೆನು, ಅರ್ಧಕ್ಕೆ ಮಡಿಸಿಟ್ಟೆನು.

ಆದರೆ ಕಂಪನಿಯನ್ನು ಬಯ್ದು ಸುಮ್ಮನಾಗುವುದಕ್ಕೂ ನನಗೆ ಮನಸ್ಸಿಲ್ಲ. ನಮ್ಮ ಕಡೆಯಲ್ಲಿ ಪಾಲಿಸಿಯ ಕಾಗದವು ಮನೆಗೆ ಬಂದೊಡನೆ ಅರಿಶಿನ ಕುಂಕುಮವನ್ನು ಕಂಡು ಟ್ರಂಕಿನ ತಳವನ್ನು ಸೇರುತ್ತದೆ, ಓದುವವರಿಲ್ಲ. ಪರದೇಶಕ್ಕೆ ಹೊರಟ ಹುಡುಗನು ಏಜೆಂಟನೊಡನೆ ಕಮಿಷನ್ನಿಗಾಗಿ ಮೂರು ದಿನ ಚೌಕಾಶಿ ಮಾಡುತ್ತಾನೆ, ಬಿದ್ದರೆ ಎತ್ತುವವರು ಯಾರೆಂಬುದನ್ನು ಒಪ್ಪಂದದಲ್ಲಿ ಬರೆಸಿರೆಂದು ಒಂದು ಮಾತನ್ನೂ ಕೇಳುವುದಿಲ್ಲ. ರಾಯಭಾರ ಕಚೇರಿಯಲ್ಲಿ ಇಂತಹ ಸಂಕಟಕ್ಕೆಂದೇ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೊಂದಿದೆಯೆಂಬುದು ಊರಿನಲ್ಲಿ ಹತ್ತು ಜನಕ್ಕೂ ತಿಳಿದಂತಿಲ್ಲ. ಎಲ್ಲಕ್ಕಿಂತ ಸೋಜಿಗವಾದುದು ಚಿನ್ನದ ಮೇಲಣ ನಮ್ಮ ಭಕ್ತಿ. ಆ ದಿನ ಅಕ್ಕನ ಕಪಾಟಿನಲ್ಲಿ ಬ್ಯಾಂಕಿನವರು ಐದಾರು ಲಕ್ಷವನ್ನಾದರೂ ಕೊಡಬಹುದಾದಷ್ಟು ಬಂಗಾರವಿದ್ದಿತು. ವರ್ಷಕ್ಕೆ ನೂರಕ್ಕೆ ಒಂಬತ್ತು ಹತ್ತರ ಬಡ್ಡಿಯಲ್ಲಿ ಅದು ದೊರೆಯುತ್ತಿತ್ತು. ಮಗಳ ಲಗ್ನವು ಹತ್ತಿರವಿರುವಾಗ ಬಂಗಾರವನ್ನು ಒತ್ತೆಯಿಟ್ಟರೆಂದರೆ ಬೀಗರ ಮುಂದೆ ತಲೆಯೆತ್ತುವುದು ಹೇಗೆಂಬ ಸಂಕೋಚದಿಂದ, ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕರ ಅಡತಿಯ ಸಾಲವನ್ನೇ ಇಡಿಯಾಗಿ ಎತ್ತಲಾಯಿತು. ಐದು ಲಕ್ಷದ ಮಟ್ಟಿಗೆ ಆ ಸಂಕೋಚದ ವಾರ್ಷಿಕ ವೆಚ್ಚವೇ ಎಪ್ಪತ್ತು ಸಾವಿರದಷ್ಟು. ಲಗ್ನವು ನಡೆಯಿತು, ಊಟಕ್ಕೆ ಐದು ಬಗೆಯ ಸಿಹಿಯಿದ್ದಿತು, ಬೀಗರು ಬಂಗಾರವನ್ನು ತೂಗಿ ನೋಡಲಿಲ್ಲ.

ಹುಡುಗನು ಈಗ ಕೋಲನ್ನು ಊರಿಕೊಂಡು ಹೊಲದ ಬದುವಿನವರೆಗೆ ನಡೆದುಹೋಗುತ್ತಾನೆ. ಕಂಪನಿಯ ನಿರಾಕರಣೆಯ ಪತ್ರವು ಬಂದು ಒಂದು ವರ್ಷ ತುಂಬುವುದರೊಳಗಾಗಿ ದೂರು ಸಲ್ಲಬೇಕೆಂಬ ನಿಯಮವಿರುವುದರಿಂದ, ಪಾಲಿಸಿಯ ಇನ್ನೊಂದು ಪುಟದಲ್ಲಿ ವೈದ್ಯರ ಸಲಹೆಯ ಮೇರೆಗೆ ಸ್ವದೇಶಕ್ಕೆ ಮರಳಿಸುವ ವೆಚ್ಚವೆಂಬ ಪ್ರತ್ಯೇಕವಾದ ಸಾಲು ಇರುವುದನ್ನು ತೋರಿಸಿ, ಹತ್ತೊಂಬತ್ತು ಲಕ್ಷವನ್ನಲ್ಲದಿದ್ದರೂ ಸ್ಟ್ರೆಚರಿಗೆ ಆಗಬಹುದಾಗಿದ್ದ 4,10,000ವನ್ನಾದರೂ ಕೊಡಬೇಕೆಂದು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಿಗೆ ಬರೆದಿದ್ದೇವೆ. ಈ ಕೇಳಿಕೆಯ ಮೊತ್ತವನ್ನು ಗೊತ್ತುಮಾಡಿದವನು ನಾನು. ಪೂರ್ತಿಯನ್ನೇ ಕೇಳಬೇಕಾಗಿತ್ತೆಂದು ಕಿರಿಯ ಅಳಿಯನಿಗೆ ಇನ್ನೂ ಅಸಮಾಧಾನವಿದೆ. ವಿಚಾರಣೆಯ ದಿನವು ನಿಗದಿಯಾಗಿಲ್ಲ. ಈ ಹಂಗಾಮಿನ ತೊಗರಿಯಲ್ಲಿ ಎಷ್ಟು ಚೀಲ ತನಗೆ ಸೇರತಕ್ಕದ್ದೆಂಬುದನ್ನು ಅಡತಿಯವನು ಈಗಾಗಲೇ ಬರೆದುಕೊಂಡು ಹೋಗಿದ್ದಾನೆ.