ಊರಿನ ಹಣದ ಲೆಕ್ಕ ಕೇಳೋಣ



ಸಂಘದ ವಾರದ ಸಭೆಯಲ್ಲಿ ಐದು ರೂಪಾಯಿ ತಪ್ಪಿದರೂ ನಾವು ಪುಸ್ತಕ ತೆಗೆಸಿ ನೋಡ್ತೇವೆ. ಊರಿನ ಹಣಕ್ಕೆ ಹೀಗೆ ಲೆಕ್ಕ ಕೇಳುವವರು ಯಾರು? ನಾವು ಮತ ಹಾಕಿ ಕಳಿಸಿದ ವಾರ್ಡ್ ಸದಸ್ಯರು. ಗದಗ-ಬೆಟಗೇರಿಯಲ್ಲಿ ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿಯಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ; ಎಲ್ಲಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಸಾಮಾನ್ಯ ಸಭೆಯಲ್ಲಿ ಸದಸ್ಯರು ಅಧ್ಯಕ್ಷರನ್ನೂ ಅಧಿಕಾರಿಗಳನ್ನೂ ಪ್ರಶ್ನಿಸಬಹುದು.

ಆದರೆ "ನೀರು ಯಾಕ ಬಂದಿಲ್ರಿ?" ಎಂದು ಕೂಗಿದರೆ "ನೋಡ್ತೀವ್ರಿ" ಎಂಬಲ್ಲಿಗೆ ಮಾತು ಮುಗೀತದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಇಂಥ ಸಣ್ಣ ಊರುಗಳಿಗೆ ಹೇಳಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ನಮ್ಮೂರಿಗೆ ಎಷ್ಟು ಬಂತು, ಯಾವ ಓಣಿಗೆ ಖರ್ಚಾಯ್ತು ಎಂದು ಬರೆದು ಕೊಟ್ಟು ಕೇಳಬೇಕು. ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.

ನಳಕ್ಕೆ ನೀರು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸದಸ್ಯರ ಕೈಗೆ ಕೊಡೋಣ. (ಸದಸ್ಯೆಯ ಬದಲು ಆಕೆಯ ಯಜಮಾನರು ಮಾತಾಡಿದರೆ ಒಪ್ಪಬೇಡಿ.) ಆಗಲೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ನಾವೇ ಅರ್ಜಿ ಹಾಕಬಹುದು; 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್‌ನವರಿಗೆ ಅರ್ಜಿ ಶುಲ್ಕ ಇಲ್ಲ, ಕಾರ್ಡಿನ ಜೆರಾಕ್ಸ್ ಹಚ್ಚಿರಿ.